ತೂಕ ನೋಡಿ ತಂದ ಆರು ಕುರ್ಚಿ: ಐದು ಸ್ಟಾರ್‌ನಲ್ಲಿ ಎರಡೇ

ಮಗುವಿನ ನಾಮಕರಣಕ್ಕೆ ಅಂತ ಆರು ಪ್ಲಾಸ್ಟಿಕ್ ಕುರ್ಚಿ ತಂದೆ. ಒಂದಕ್ಕೆ 480 ರೂಪಾಯಿ. ಅಂಗಡಿ ಹೆಸರು, ಕಂಪನಿ ಹೆಸರು ಬೇಡ ಬಿಡಿ. ಅಂಗಡಿಯವರು ಒಂದನ್ನು ಎತ್ತಿ ಕೈಗೆ ಕೊಟ್ಟು "ತೂಕ ನೋಡಿ ಸಾರ್, ಗಟ್ಟಿ ಮಾಲು" ಅಂದರು. ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಮೆಷಿನ್ ಮುಂದೆ ಹದಿನಾಲ್ಕು ವರ್ಷ ಕಳೆದಿರೋ ನಾನು ಆ ಮಾತಿಗೆ ತಲೆಯಾಡಿಸಿ ದುಡ್ಡು ಕೊಟ್ಟು ಬಂದೆ. ಹೇಳೋಕೆ ನಾಚಿಕೆ ಆಗುತ್ತೆ.

ನಾಮಕರಣದ ದಿನ ನಮ್ಮ ಸೋದರಮಾವ ಊಟ ಮುಗಿಸಿ ಸ್ವಲ್ಪ ಹಿಂದಕ್ಕೆ ಒರಗಿದರು, ಅಷ್ಟೇ. ಚಟ್ ಅಂತ ಹಿಂದಿನ ಕಾಲು ಮುರೀತು. ಪುಣ್ಯಕ್ಕೆ ಪೆಟ್ಟಾಗಲಿಲ್ಲ, ಪಂಚೆ ಮೇಲೆ ಮಜ್ಜಿಗೆ ಬಿತ್ತು.

ಮುರಿದ ಕಾಲನ್ನು ಕೈಗೆ ತಗೊಂಡಾಗಲೇ ವಿಷಯ ಅರ್ಥ ಆಯ್ತು. ಒಳ್ಳೆ ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಹೀಗೆ ಮುರಿಯೋದಿಲ್ಲ. ಮೊದಲು ಬಗ್ಗುತ್ತೆ, ಬಗ್ಗಿದ ಕಡೆ ಬೆಳ್ಳಗಾಗುತ್ತೆ, ಎಳೆದುಕೊಂಡು ಹರಿಯುತ್ತೆ. ಇದು ಬಿಸ್ಕತ್ತಿನ ಹಾಗೆ ಮುರಿದಿತ್ತು. ಒಳಗೆ ಒಣಒಣ, ಪುಡಿಪುಡಿ. ಒಂದು ಚೂರನ್ನು ಬಕೆಟ್ ನೀರಿಗೆ ಹಾಕಿ, ಅಂಟಿದ್ದ ಗುಳ್ಳೆ ಒರೆಸಿ ಬಿಟ್ಟೆ. ಸೀದಾ ತಳಕ್ಕೆ ಹೋಯ್ತು. ನೀರಿನ ಸಾಂದ್ರತೆ 1, ಬರೀ ಪಿಪಿಯದು ಸುಮಾರು 0.9, ಅದು ತೇಲಲೇಬೇಕು. ಇಂಥ ಮಾಲಿಗೆ ಬೆರೆಸೋ ಸುಣ್ಣದ ಕಲ್ಲಿನ ಪುಡಿದು 2.7. ಲೆಕ್ಕ ಹಾಕಿದರೆ, ಪಿಪಿ ಮುಳುಗಬೇಕಾದರೆ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಹದಿನೈದು ಪಾಲು ಪುಡಿ ಇರಬೇಕು. ಇನ್ನೊಂದು ಚೂರನ್ನು ಹಿತ್ತಲಲ್ಲಿ ಸುಟ್ಟೆ (ನೀವು ಮನೆ ಒಳಗೆ ಮಾಡಬೇಡಿ). ಉಳಿದ ಬಿಳಿ ಬೂದಿಗೆ ನಿಂಬೆಹಣ್ಣು ಹಿಂಡಿದಾಗ ಸಣ್ಣಗೆ ನೊರೆ ಬಂತು. ಕ್ಯಾಲ್ಸಿಯಂ ಕಾರ್ಬೊನೇಟ್, ಅದೇ ಸುಣ್ಣದ ಕಲ್ಲಿನ ಪುಡಿ! ನನ್ನ ಹೆಂಡತಿ ಕೇಳಿದ್ದು ಒಂದೇ: "ಇದನ್ನೆಲ್ಲಾ ತರೋಕೆ ಮುಂಚೆ ಮಾಡಬಾರದಿತ್ತಾ?"

ಪ್ಲಾಸ್ಟಿಕ್ಕಿಗೆ ಹೀಗೆ ಬೆರೆಸೋ ಪುಡಿಗೆ ಫಿಲ್ಲರ್ ಅಂತಾರೆ. ಫಿಲ್ಲರ್ ಅಂದ ತಕ್ಷಣ ಕಲಬೆರಕೆ ಅಂದುಕೊಳ್ಳಬೇಡಿ. ಕಾರಿನ ಬಂಪರ್‌ನಲ್ಲಿ ಪಿಪಿ ಜೊತೆ ಟಾಲ್ಕ್ ಇರುತ್ತೆ, ಅದೇ ಪೌಡರ್ ಡಬ್ಬಿಯ ಟಾಲ್ಕ್. ಅದರ ಕಣ ಚಪ್ಪಟೆ, ಹಾಗಾಗಿ ಪ್ಲಾಸ್ಟಿಕ್ಕಿಗೆ ಬಿಗಿ ಕೊಡುತ್ತೆ, ಬಿಸಿಗೆ ಬೇಗ ಜೋಲದ ಹಾಗೆ ನೋಡಿಕೊಳ್ಳುತ್ತೆ, ಅಚ್ಚಿನಿಂದ ಬಂದ ಮೇಲೆ ಕುಗ್ಗೋದೂ ಕಡಿಮೆ. ಆದರೆ ಬಂಪರ್ ಗುದ್ದಿಸಿಕೊಳ್ಳೋ ಸಾಮಾನು, ಅಲ್ವಾ? ಟಾಲ್ಕ್‌ನಿಂದ ಹೋಗೋ ತಾಳಿಕೆಯನ್ನು ವಾಪಸ್ ತರೋಕೆ ರಬ್ಬರನ್ನೂ ಸೇರಿಸುತ್ತಾರೆ. ನನ್ನ ಕುರ್ಚಿಯವರು ಪುಡಿ ಹಾಕಿದರು, ರಬ್ಬರ್ ವಿಷಯ ಮರೆತರು ಅನ್ಸುತ್ತೆ.

ಪುಡಿ ಬದಲು ಪ್ಲಾಸ್ಟಿಕ್ಕಿಗೆ ಸೇರಿಸೋ ಗಾಜಿನ ನಾರಿನ ಕಥೆಯೇ ಬೇರೆ. ನನ್ನ ಡ್ರಿಲ್ಲಿಂಗ್ ಮೆಷಿನ್ ಮೈ 30 ಪರ್ಸೆಂಟ್ ಗ್ಲಾಸ್ ತುಂಬಿದ ನೈಲಾನ್, ಎರಡು ಸಲ ಏಣಿ ಮೇಲಿಂದ ಬಿದ್ದಿದೆ, ಏನೂ ಆಗಿಲ್ಲ. ಪುಡಿ ಬಿಗಿ ಮಾಡುತ್ತೆ, ಅಷ್ಟೇ. ನಾರು ಭಾರ ಹೊರುತ್ತೆ. ನೈಲಾನ್ 66ರ ಎಳೆತದ ಬಲ, ಒಣಗಿದ್ದಾಗ, ಸುಮಾರು 80 ಮೆಗಾಪಾಸ್ಕಲ್ (ಬಲ ಅಳೆಯೋ ಮಾನ). 30 ಪರ್ಸೆಂಟ್ ಗಾಜು ಸೇರಿದರೆ ಅದರ ಎರಡರಷ್ಟು ದಾಟುತ್ತೆ. ಅದಕ್ಕೂ ತರಲೆ ಇದೆ. ಕರಗಿದ ಮಾಲು ಹರಿದ ದಿಕ್ಕಿಗೇ ನಾರು ಮಲಗುತ್ತೆ, ಆ ಕಡೆ ಕಡಿಮೆ ಕುಗ್ಗಿ ಅಡ್ಡಕ್ಕೆ ಜಾಸ್ತಿ ಕುಗ್ಗುತ್ತೆ, ಪೀಸು ಹಪ್ಪಳದ ಹಾಗೆ ಸೊಟ್ಟಗಾಗುತ್ತೆ. ಮಾಲನ್ನು ಕರಗಿಸಿ ಅಚ್ಚಿಗೆ ತಳ್ಳೋ ಮೆಷಿನ್ನಿನ ಸ್ಕ್ರೂ, ಬ್ಯಾರಲ್ ಸವೆಸೋದಂತೂ ಕೇಳಲೇಬೇಡಿ, ನಮ್ಮ ಓನರ್ ಮುಖ ನೋಡಿದರೆ ಗೊತ್ತಾಗುತ್ತೆ.

ಕುರ್ಚಿಯಲ್ಲಿ ಒಳ್ಳೆಯದು ಏನೂ ಇಲ್ಲ ಅಂತ ಅಲ್ಲ. ಕೂತಾಗ ಕಾಲು ಅಗಲ ಆಗಲ್ಲ, ನೆಲದ ಮೇಲೆ ಸಮವಾಗಿ ನಿಲ್ಲುತ್ತೆ, ಮೇಲ್ಮೈ ನೀಟಾಗಿದೆ. ಅದೆಲ್ಲಾ ಪುಡಿಯ ಗುಣವೇ. ಅದಕ್ಕೇ ಎರಡು ಸ್ಟಾರ್. ಒರಗಿದರೆ, ಎಳೆದಾಡಿದರೆ, ಮಕ್ಕಳು ಹತ್ತಿ ಕುಣಿದರೆ ಬೇಕಾಗೋ ತಾಳಿಕೆ ಮಾತ್ರ ಇಲ್ಲ.

ಅಂಗಡಿಯಲ್ಲಿ ಬೆಂಕಿ, ನಿಂಬೆಹಣ್ಣು ತಗೊಂಡು ಹೋಗೋಕೆ ಆಗಲ್ಲ. ಒಂದು ಕೆಲಸ ಮಾಡಿ. ಕುರ್ಚಿ ಮಗುಚಿ, ಕಾಣದ ಕಡೆ ನಾಣ್ಯದ ಅಂಚಿನಿಂದ ಗೀರಿ ನೋಡಿ. ಬಣ್ಣದ ಕುರ್ಚಿ ಮೇಲೆ ಸ್ಲೇಟಿನ ಮೇಲೆ ಬರೆದ ಹಾಗೆ ಬಿಳಿ ಗೆರೆ ಎದ್ದರೆ ಅನುಮಾನ ಪಡಿ. ಒಂದೇ ಸೈಜು, ಒಂದೇ ದಪ್ಪದ ಎರಡು ಕುರ್ಚಿಯಲ್ಲಿ ಹಗುರ ಇರೋದನ್ನೇ ತಗೊಳ್ಳಿ.

ವಾಪಸ್ ಕೇಳೋಕೆ ಹೋದಾಗ ಅಂಗಡಿಯವರು "ಹಿಂದಕ್ಕೆ ಒರಗಿದ್ರೆ ಯಾವುದಾದ್ರೂ ಮುರಿಯುತ್ತೆ ಸಾರ್" ಅಂದರು. ಉಳಿದ ಐದರಲ್ಲಿ ಎರಡರ ಮೇಲೆ ಹೂಕುಂಡ ಇಟ್ಟಿದ್ದೇವೆ. ಮಾವ ಈಗ ನಮ್ಮ ಮನೆಗೆ ಬಂದರೆ ಚಾಪೆ ಕೇಳುತ್ತಾರೆ.