ಸಂಶೋಧನಾ ವರದಿ ಎಂದು ನಂಬಿ ಕೊಂಡ 42 ಪುಟಗಳು

ಅಮ್ಮನಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಎಂದು ತಿಳಿದು ಆರು ವರ್ಷಗಳಾದವು. ಲೆವೊಡೋಪಾ ಮತ್ತು ಕಾರ್ಬಿಡೋಪಾ ಸೇರಿದ ಮಾತ್ರೆಯನ್ನು ದಿನಕ್ಕೆ ನಾಲ್ಕು ಹೊತ್ತು ಕೊಡುತ್ತೇವೆ. ಒಂದು ಹೊತ್ತಿನ ಮಾತ್ರೆಯ ಪ್ರಭಾವ ಮುಂದಿನ ಹೊತ್ತಿನವರೆಗೂ ನಿಲ್ಲದೆ ಅವರು ಕುರ್ಚಿಯಿಂದ ಏಳಲಾರದೆ ಕುಳಿತುಬಿಡುವುದನ್ನು ನೋಡಲಾಗದೆ, ಬೇರೆ ದಾರಿ ಇದೆಯೇ ಎಂದು ನಾನು ಹುಡುಕಲು ಹೊರಟೆ. ವೈದ್ಯಕೀಯ ಲೇಖನಗಳನ್ನು ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಧೈರ್ಯ ನನಗಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು, ರೋಗಿಯ ಕಾಯಿಲೆಯ ಬಗ್ಗೆ ಜಗತ್ತಿನ ಸಂಶೋಧನೆಗಳನ್ನೆಲ್ಲ ಜಾಲಾಡಿ ಕನ್ನಡದಲ್ಲಿ ವರದಿ ಕೊಡುತ್ತೇವೆ ಎಂಬ ಜಾಹೀರಾತು. 6,500 ರೂಪಾಯಿ ಕಟ್ಟಿದೆ. ಯಾರನ್ನೂ ಕೇಳದೆ ಕಟ್ಟಿದೆ.

ಹತ್ತು ದಿನಗಳಿಗೆ 42 ಪುಟಗಳ ವರದಿ ಬಂತು. ಹನ್ನೊಂದನೆಯ ಪುಟದಲ್ಲಿ ನಸುಗುನ್ನಿ ಬೀಜದ ಪುಡಿ ಮನುಷ್ಯರ ಮೇಲೆ ಪರೀಕ್ಷೆಯಾಗಿ ಮಾತ್ರೆಗಿಂತ ಬೇಗ ಮತ್ತು ಹೆಚ್ಚು ಹೊತ್ತು ಕೆಲಸ ಮಾಡಿದ್ದು ಸಾಬೀತಾಗಿದೆ ಎಂದು ದಪ್ಪ ಅಕ್ಷರಗಳಲ್ಲಿತ್ತು. ಕೊನೆಯ ಪುಟದಲ್ಲಿ ಆ ಪುಡಿ ಎಲ್ಲಿ ಸಿಗುತ್ತದೆ ಎಂಬ ವಿವರವೂ ಇತ್ತು. ಅದನ್ನು ಮಾರುತ್ತಿದ್ದವರೂ ಅವರೇ. ಅಲ್ಲಿಯಾದರೂ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಪುಡಿಯನ್ನು ತರಿಸಿ, ಮಾತ್ರೆಯ ಜೊತೆಗೇ ಹಾಲಿನಲ್ಲಿ ಕದಡಿ ಅಮ್ಮನಿಗೆ ಕುಡಿಸಿದೆ.

ಐದನೆಯ ದಿನ ಅಮ್ಮನ ಕುತ್ತಿಗೆ ಒಂದು ಕಡೆಗೆ ತಾನಾಗಿಯೇ ತಿರುಚಿಕೊಳ್ಳತೊಡಗಿತು. ಕೈಯಲ್ಲಿದ್ದ ಲೋಟ ನಿಲ್ಲದೆ ಹಾಲು ಸೀರೆಯ ಮೇಲೆಲ್ಲ ಚೆಲ್ಲಿತು. ಅವರು ಮಾತ್ರ, "ಇದೇನೋ ಹೊಸದು, ನನಗೆ ಏನು ಕೊಟ್ಟೆ?" ಎಂದು ನನ್ನ ಮುಖವನ್ನೇ ನೋಡುತ್ತಿದ್ದರು.

ನರರೋಗ ತಜ್ಞರು ಎರಡೇ ನಿಮಿಷದಲ್ಲಿ ಕಾರಣ ಹೇಳಿದರು. ನಸುಗುನ್ನಿ ಬೀಜದಲ್ಲಿ ಇರುವುದೂ ಲೆವೊಡೋಪಾ. ಅಂದರೆ ಮಾತ್ರೆಯ ಮೇಲೆ ಅದೇ ಔಷಧವನ್ನು, ಅಳತೆಯೇ ಇಲ್ಲದೆ, ನಾನೇ ಕೊಟ್ಟಿದ್ದೆ. ವರದಿಯ 42 ಪುಟಗಳಲ್ಲಿ ಎಲ್ಲಿಯೂ ಈ ಒಂದು ವಾಕ್ಯ ಇರಲಿಲ್ಲ.

ಅಂದು ರಾತ್ರಿ ಅಕ್ಕನ ಮಗಳು ವರದಿಯಲ್ಲಿದ್ದ ಎಂಟು ಅಂಕಿಯ ಒಂದು ಲೇಖನದ ಗುರುತಿನ ಸಂಖ್ಯೆಯನ್ನು, ವೈದ್ಯಕೀಯ ಲೇಖನಗಳ ಸಾರಾಂಶಗಳಿರುವ ಜಾಲತಾಣವಾದ ಪಬ್‌ಮೆಡ್‌ನಲ್ಲಿ ಹಾಕಿದಳು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವ ಪಬ್‌ಮೆಡ್‌ನಲ್ಲಿ ಹುಡುಕಲು ಯಾರೂ ಒಂದು ಪೈಸೆ ಕೊಡಬೇಕಿಲ್ಲ. ಅವರು ಸಾಬೀತಾಗಿದೆ ಎಂದು ಬರೆದ ಅಧ್ಯಯನದ ಸಾರಾಂಶ ಅಲ್ಲೇ ತೆರೆದುಕೊಂಡಿತು. 2004ರ ಅಧ್ಯಯನ. ಅದರಲ್ಲಿದ್ದ ರೋಗಿಗಳು ಎಂಟು ಜನ. ಎಂಟೇ ಜನ! ಅವರಿಗೂ ವಾರಕ್ಕೊಮ್ಮೆ ಒಂದೊಂದೇ ಡೋಸ್ ಕೊಟ್ಟು ಮಾತ್ರೆಯೊಂದಿಗೆ ಹೋಲಿಸಿ ನೋಡಿದ್ದರೇ ಹೊರತು, ದಿನವೂ ಮಾತ್ರೆಯ ಮೇಲೆ ಪುಡಿ ಸೇರಿಸಿ ಕುಡಿಸಿರಲಿಲ್ಲ. ವರದಿಯಲ್ಲಿದ್ದ ಇನ್ನೂ ಹಲವು ಲೇಖನಗಳು ಇಲಿಗಳ ಮೇಲಿನ ಪ್ರಯೋಗಗಳು. ಕನ್ನಡಕ್ಕೆ ತರುವಾಗ ಶೀರ್ಷಿಕೆಯಲ್ಲಿದ್ದ ಇಲಿಯನ್ನೇ ಬಿಟ್ಟಿದ್ದರು. ನಾನು ಮೋಸ ಹೋದೆ ಎಂಬುದು ಪೂರ್ತಿಯಾಗಿ ಅರ್ಥವಾದದ್ದು ಆ ಇಲಿಯನ್ನು ಕಂಡಾಗ.

ಫೋನ್ ಮಾಡಿದಾಗ ಬಂದ ಉತ್ತರ: "ಸರ್, ನಮ್ಮದು ಮಾಹಿತಿ ಸೇವೆ ಮಾತ್ರ, ಚಿಕಿತ್ಸೆಯಲ್ಲ." ಹಾಗಾದರೆ ಪುಡಿ ಮಾರಿದ್ದು ಯಾರು ಎಂದು ಕೇಳಿದೆ. "ಅದು ಬೇರೆ ವಿಭಾಗ ಸರ್." ಎಂಟೇ ರೋಗಿಗಳೆಂದು ಏಕೆ ಬರೆಯಲಿಲ್ಲ ಎಂದಾಗ, "ಸಾಮಾನ್ಯ ಜನರಿಗೆ ಅಷ್ಟು ವಿವರ ಗೊಂದಲವಾಗುತ್ತದೆ" ಎಂದರು. ಹಣ ವಾಪಸ್ ಕೇಳಿದ್ದಕ್ಕೆ, ವರದಿ ತಲುಪಿದ ಮೇಲೆ ಹಣ ಹಿಂದಿರುಗಿಸುವುದಿಲ್ಲ ಎಂಬ ಸಂದೇಶ ಕಳಿಸಿದರು. ಅಮ್ಮ ಹೇಗಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ.

ದಯವಿಟ್ಟು ಇಂಥ ವರದಿಗಳಿಗೆ ಹಣ ಕೊಡಬೇಡಿ. ಕಾಯಿಲೆಯ ಬಗ್ಗೆ ಸರಳವಾಗಿ ತಿಳಿಯಬೇಕಿದ್ದರೆ ಅದೇ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್ ಜಾಲತಾಣ ಇದೆ, ಅದೂ ಉಚಿತ. ಯಾರಾದರೂ ಸಂಶೋಧನೆ ಎಂದರೆ ಮೊದಲು ಮನುಷ್ಯರ ಮೇಲೋ ಇಲಿಗಳ ಮೇಲೋ, ಎಷ್ಟು ಜನರ ಮೇಲೆ, ಎಷ್ಟು ದಿನ ಎಂದು ಕೇಳಿ. ನಾನು ಕೇಳಲಿಲ್ಲ.

ಪುಡಿ ನಿಲ್ಲಿಸಿದ ಮೇಲೆ ಅಮ್ಮನ ಕುತ್ತಿಗೆಯ ತಿರುಚಾಟ ನಿಂತಿದೆ. ಉಳಿದ ಪುಡಿಯ ಡಬ್ಬಿಯನ್ನು ಎಸೆದಿಲ್ಲ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಬಿಲ್ಲು ಮತ್ತು ವರದಿಯ ಜೊತೆ ಇಟ್ಟುಕೊಂಡಿದ್ದೇನೆ. ನಿಮ್ಮ ಮನೆಯಲ್ಲಿಯೂ ಪಾರ್ಕಿನ್ಸನ್ ಮಾತ್ರೆಯ ಜೊತೆ ಈ ಪುಡಿ ಕೊಡುತ್ತಿದ್ದರೆ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ, ಇಂದೇ ವೈದ್ಯರಿಗೆ ತಿಳಿಸಿ.