ಎಪಾಕ್ಸಿ ಟೈಲ್ ರಿಪೇರಿ ಕಿಟ್: ಯಾವ ಬಿರುಕಿಗೆ ಸರಿ, ಯಾವುದಕ್ಕೆ ದಂಡ

ರೆಸಿನ್, ಹಾರ್ಡ್‌ನರ್ ಎರಡು ಟ್ಯೂಬು (ಎರಡನ್ನೂ ಕಲಸಿದರೆ ಗಟ್ಟಿಯಾಗುವ ಅಂಟೇ ಎಪಾಕ್ಸಿ), ನಾಲ್ಕೈದು ಬಣ್ಣದ ಪುಟ್ಟ ಡಬ್ಬಿ, ಒಂದು ಪ್ಲಾಸ್ಟಿಕ್ ಪಟ್ಟಿ, ತುಂಡು ಸ್ಯಾಂಡ್‌ಪೇಪರ್. ಟೈಲ್ ರಿಪೇರಿ ಕಿಟ್ ಅಂತ ಸಿಗುವ ಪೆಟ್ಟಿಗೆಗಳಲ್ಲಿ ಹೆಚ್ಚುಕಡಿಮೆ ಇಷ್ಟೇ ಇರುವುದು. ಸಾಮಾನು ಕೆಟ್ಟದ್ದಲ್ಲ, ಆದರೆ ಎಲ್ಲ ಬಿರುಕಿಗೂ ಇದೇ ಮದ್ದು ಅಂದರೆ ನಂಬಬೇಡಿ.

ಪೆಟ್ಟಿಗೆ ಬಿಚ್ಚುವ ಮುಂಚೆ ಒಂದು ನಾಣ್ಯದಿಂದ ಟೈಲಿನ ನಾಲ್ಕು ಮೂಲೆ, ನಡುಭಾಗ ತಟ್ಟಿ ನೋಡಿ. ‘ಟಕ್ ಟಕ್’ ಎಂದು ಗಟ್ಟಿ ಸದ್ದು ಬಂದು, ಬಿರುಕು ಒಂದೇ ಟೈಲಿನಲ್ಲಿದ್ದರೆ ಬಹುಶಃ ಮೇಲಿಂದ ಏನೋ ಬಿದ್ದು ಸೀಳಿದೆ ಅಷ್ಟೆ, ಕಿಟ್ ಸಾಕು. ‘ಡಬ್ ಡಬ್’ ಎಂದು ಟೊಳ್ಳು ಸದ್ದು ಬಂದರೆ ಅಡಿ ಖಾಲಿ. ಐದು ಕಡೆ ಗಾರೆಯ ಉಂಡೆ ಇಟ್ಟು ಟೈಲ್ ಒತ್ತಿಬಿಟ್ಟರೆ ಆಗುವುದು ಇದೇ, ಬೀರುವಿನ ಕಾಲು ಆ ಟೊಳ್ಳಿನ ಮೇಲೆ ಕೂತರೆ ಟೈಲ್ ತಡೆಯುವುದಿಲ್ಲ. ಒಂದೇ ಗೆರೆ ಮೂರ್ನಾಲ್ಕು ಟೈಲ್ ದಾಟಿದ್ದರೆ ಕೆಳಗಿನ ಕಾಂಕ್ರೀಟೇ ಬಿರಿದಿದೆ. ಎರಡು ಟೈಲ್ ಒಂದಕ್ಕೊಂದು ಒತ್ತಿ ಗುಡಾರದಂತೆ ಮೇಲೆದ್ದಿದ್ದರೆ ಹಿಗ್ಗಲು ಜಾಗ ಬಿಟ್ಟಿಲ್ಲ ಎಂದೇ ಅನುಮಾನಿಸಿ. ಗೋಡೆಯಂಚಿಗೆ, ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಮರೆಯಲ್ಲಿ, ಸುಮಾರು 6 ಮಿ.ಮೀ. ಸಂದು ಇರಬೇಕಿತ್ತು. ಇಂಥ ಕಡೆ ಕಿಟ್ ದಂಡ. ಗಟ್ಟಿಯಾದ ಎಪಾಕ್ಸಿ ಬಗ್ಗುವುದಿಲ್ಲ, ಪಕ್ಕದಲ್ಲೇ ಇನ್ನೊಂದು ಗೆರೆ ಬೀಳುತ್ತದೆ.

ಕೂದಲೆಳೆಯಂಥ ಬಿರುಕಿಗೆ ಮಂದ ಎಪಾಕ್ಸಿ ಇಳಿಯುವುದೇ ಇಲ್ಲ. ಮೊನಚಾದ ಕಾರ್ಬೈಡ್ (ಟೈಲನ್ನೂ ಗೀರುವಷ್ಟು ಗಟ್ಟಿ ವಸ್ತು) ಮೊನೆಯಿಂದ ಗೆರೆಯನ್ನು 1 ಮಿ.ಮೀ.ನಷ್ಟು ಅಗಲ ಮಾಡಿ, ಪುಡಿ ತೆಗೆದು, ಅಸಿಟೋನ್‌ನಿಂದ ಒರೆಸಿ. ಬಚ್ಚಲಾದರೆ ಒಂದು ದಿನ ಪೂರ್ತಿ ಒಣಗಲಿ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಹೆಚ್ಚಿನ ಕಿಟ್‌ಗಳಲ್ಲಿ ಅಳತೆ ಸಮಸಮ, ಆದರೂ ಟ್ಯೂಬಿನ ಮೇಲೆ ಬರೆದದ್ದೇ ಕೊನೆ ಮಾತು. ಹಾರ್ಡ್‌ನರ್ ಕಡಿಮೆಯಾದರೆ ಎಷ್ಟು ದಿನ ಕಾದರೂ ಅಂಟಂಟು ಹೋಗದು. ಬಣ್ಣ ಚಿಟಿಕೆಯಷ್ಟೇ, ನೂರಕ್ಕೆ 5 ಪಾಲು ಮೀರಿದರೆ ಎಪಾಕ್ಸಿ ಬಲಹೀನವಾಗುತ್ತದೆ. ಗುಳ್ಳೆ ಏಳದಂತೆ ನಿಧಾನ ಕಲಸಿ, ಆದರೆ ಹರಟೆ ಹೊಡೆಯಬೇಡಿ: 5 ನಿಮಿಷದಲ್ಲಿ ಬಿಗಿಯುವ ಎಪಾಕ್ಸಿ ನಾಲ್ಕನೇ ನಿಮಿಷಕ್ಕೇ ನೂಲು ಬಿಡಲು ಶುರುಮಾಡುತ್ತದೆ. ಕೊಂಚ ಉಬ್ಬುವಷ್ಟು ತುಂಬಿ, ಟೇಪ್ ಕೂಡಲೇ ಕೀಳಿ. ಉಗುರು ಒತ್ತಿದರೆ ರಬ್ಬರಿನಂತೆ ಗುರುತು ಬೀಳುವ ಹದದಲ್ಲಿ ಬ್ಲೇಡನ್ನು ಟೈಲಿಗೆ ಒರಗಿಸಿ ಹೆರೆದರೆ ಉಬ್ಬು ಸಿಪ್ಪೆಯಂತೆ ಏಳುತ್ತದೆ. ಈ ಹದ ತಪ್ಪಿಸಿಕೊಂಡವರಿಗಷ್ಟೇ ಸ್ಯಾಂಡ್‌ಪೇಪರ್ ಬೇಕು, ಅದೂ 800 ನಂಬರಿಗಿಂತ (ನಂಬರ್ ಹೆಚ್ಚಿದಷ್ಟೂ ನಯ) ನಯವಾದದ್ದು, ನೀರು ಹಚ್ಚಿ. ಒರಟು ಪೇಪರ್ ಹೊಳಪನ್ನೇ ಗೀರಿಬಿಡುತ್ತದೆ. 24 ಗಂಟೆ ನೀರು ತಾಕಿಸಬೇಡಿ.

ಕಿಟ್‌ನ ನಿಜವಾದ ಸೋಲು ಬಣ್ಣದಲ್ಲಿ. ಡಬ್ಬಿಯಲ್ಲಿ ಕಂಡ ಬಣ್ಣ ಗಟ್ಟಿಯಾದ ಮೇಲೆ ಹಾಗೇ ಉಳಿಯುವ ಖಾತ್ರಿ ಇಲ್ಲ. ಮಿಕ್ಕ ಟೈಲ್ ಚೂರಿನ ಮೇಲೆ ಮೊದಲು ಹಚ್ಚಿ ನೋಡಿ. ಬಿಸಿಲು ಬೀಳುವಲ್ಲಿ ಬಿಳಿ ಎಪಾಕ್ಸಿ ಹಳದಿಗೆ ತಿರುಗುತ್ತದೆ. ಒಲೆಯ ಪಕ್ಕವೂ ಬೇಡ, ಸಾಧಾರಣ ಎಪಾಕ್ಸಿ 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ.

ಟೊಳ್ಳು ಟೈಲನ್ನು ಬದಲಿಸುವುದೇ ಸರಿ. ಸುತ್ತಲ ಗ್ರೌಟ್ (ಟೈಲ್ ಸಂದಿಗೆ ತುಂಬಿದ ಗಾರೆ) ಮೊದಲು ಕೆರೆದು ತೆಗೆದು, ನಡುವಿನಿಂದ ಅಂಚಿನ ಕಡೆ ಒಡೆಯಿರಿ. ಅಂಚಿಗೆ ಉಳಿ ಇಟ್ಟರೆ ಪಕ್ಕದ ಟೈಲೂ ಚಕ್ಕೆ ಏಳುತ್ತದೆ. ಕಣ್ಣಿಗೆ ಕನ್ನಡಕ ಮರೆಯಬೇಡಿ, ಟೈಲ್ ಚೂರು ಗಾಜಿನಷ್ಟೇ ಹರಿತ.