ಕುದುರೆಮುಖ ಹತ್ತುವ ಮುನ್ನ ಬೂಟಿನ ಅಟ್ಟೆ ಎಳೆದು ನೋಡಿ

ಕಳೆದ ಅಕ್ಟೋಬರ್‌ನಲ್ಲಿ ಕುದುರೆಮುಖ ಶಿಖರಕ್ಕೆ ಹೋಗಿ, ಬಲಗಾಲಿಗೆ ಟವೆಲ್ ಸುತ್ತಿಕೊಂಡು ಕತ್ತಲಲ್ಲಿ ಇಳಿದವನು ನಾನು. ವಾರಾಂತ್ಯ ಬಂದರೆ ಬೆಂಗಳೂರಿನಿಂದ ಬಸ್ಸುಗಟ್ಟಲೆ ಜನ ಅಲ್ಲಿಗೆ ಹೊರಡುತ್ತಾರೆ. ಅವರಲ್ಲಿ ನಾಲ್ಕು ಮಂದಿಯಾದರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಜೊತೆಗಿದ್ದವನು ಅಕ್ಕನ ಮಗ. ಅವನಿಗೆ ಇಪ್ಪತ್ತಮೂರು, ನನಗೆ ನಲವತ್ತೊಂಬತ್ತು. ಚಾರಣ ಏರ್ಪಡಿಸುವ ಒಂದು ಸಂಸ್ಥೆಗೆ ಹಣ ಕಟ್ಟಿದ್ದೆವು. ಅವರ ಜಾಹೀರಾತಿನಲ್ಲಿ ‘ಸುಲಭದಿಂದ ಮಧ್ಯಮ’ ಎಂದಿತ್ತು. ಬೆಟ್ಟದ ಬುಡದ ಮುಳ್ಳೋಡಿ ಹಳ್ಳಿಯಿಂದ ಹೊರಟು 1,894 ಮೀಟರ್ ಎತ್ತರದ ಶಿಖರ ಮುಟ್ಟಿ ಮರಳುವುದೆಂದರೆ ಹೆಚ್ಚುಕಡಿಮೆ 20 ಕಿಲೋಮೀಟರ್ ನಡಿಗೆ. ರಾಷ್ಟ್ರೀಯ ಉದ್ಯಾನದೊಳಗೆ ಡೇರೆ ಹಾಕಿ ರಾತ್ರಿ ಕಳೆಯುವಂತಿಲ್ಲ. ಬೆಳಗ್ಗೆ ಏಳಕ್ಕೆ ಕಾಲು ಎತ್ತಿಟ್ಟರೆ ಅದು ಮಧ್ಯಮವೇ ಇರಬಹುದು. ನಾವು ಹೊರಟದ್ದು ಹತ್ತೂಕಾಲಿಗೆ.

ಬಸ್ಸು ಬೆಂಗಳೂರು ಬಿಟ್ಟದ್ದೇ ಒಂದೂವರೆ ಗಂಟೆ ತಡವಾಗಿ. ಬಾಳೆಗಲ್‌ನಿಂದ ಮೇಲಕ್ಕೆ ಜೀಪುಗಳೇ ಗತಿ, ಎರಡು ಜೀಪಿಗೆ ಇಪ್ಪತ್ತೆರಡು ಜನ, ಎರಡು ಸುತ್ತು. ಆಮೇಲೆ ತಪಾಸಣೆಯಲ್ಲಿ ನಾಲ್ವರ ಗುರುತಿನ ಚೀಟಿಗೂ ಅನುಮತಿ ಪತ್ರದಲ್ಲಿದ್ದ ಹೆಸರಿಗೂ ತಾಳೆಯಾಗಲಿಲ್ಲ. ಬೇರೆ ಯಾರದೋ ಹೆಸರಿನಲ್ಲಿ ಮೊದಲೇ ಕಾಯ್ದಿರಿಸಿ, ಸಿಕ್ಕವರಿಗೆ ಮಾರಿದ್ದರು. ಅರಣ್ಯ ಇಲಾಖೆಯ ಜಾಲತಾಣದಲ್ಲಿ ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ಇರುವುದರಿಂದ ಈ ವ್ಯಾಪಾರ ಹುಟ್ಟಿಕೊಂಡಿದೆ. ಅನುಮತಿ ಪತ್ರ ನಿಮ್ಮ ಹೆಸರಿನಲ್ಲೇ ಇದೆಯೇ ಎಂದು ಹಣ ಕಟ್ಟುವ ಮುನ್ನವೇ ನೋಡಿಕೊಳ್ಳಿ. ನಾವು ಮಾತ್ರ ಐವತ್ತು ನಿಮಿಷ ಬಿಸಿಲಲ್ಲಿ ನಿಂತು ಆ ಜಗಳ ನೋಡಿದೆವು.

ಹೌದು, ಆಗ ಬಿಸಿಲೇ ಇತ್ತು. ತಿಂಡಿ ಬಡಿಸಿದ ಮನೆಯ ಅಮ್ಮ ನೀರುದೋಸೆ ಹಾಕುತ್ತಲೇ, “ಚಿತ್ತೆ ಮಳೆ ಕುರುಡು ಮಾರಾಯರೇ, ಮಧ್ಯಾಹ್ನದ ಮೇಲೆ ಎಲ್ಲಿ ಹೊಡೆಯುತ್ತದೆಂದು ಅದಕ್ಕೇ ಗೊತ್ತಿಲ್ಲ” ಎಂದಿದ್ದರು. ನಾನು ಇನ್ನೊಂದು ದೋಸೆ ಕೇಳಿದೆ.

ದಾರಿಯ ಚೆಲುವಿನ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಆ ನೆಲದ ರೀತಿಯನ್ನಷ್ಟೇ ಹೇಳುತ್ತೇನೆ. ಗುಡ್ಡದ ಬೆನ್ನಿನ ತುಂಬ ಬರೀ ಹುಲ್ಲು. ಎರಡು ಗುಡ್ಡ ಕೂಡುವ ಮಡಿಕೆಯಲ್ಲಿ ಮಾತ್ರ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು. ಅಂದರೆ ಸಿಡಿಲು ಬಂದರೆ ಮರೆಯಿಲ್ಲದ ಬಯಲು, ಮಳೆ ಬಂದರೆ ಪ್ರತಿ ಮಡಿಕೆಗೊಂದು ಹಳ್ಳ. ಹೋಗುವಾಗ ಆ ಹಳ್ಳಗಳಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಹುಡುಗರು ಕಲ್ಲಿನಿಂದ ಕಲ್ಲಿಗೆ ಹಾರಿ ವಿಡಿಯೊ ಮಾಡಿಕೊಂಡರು.

ಒಂದು ಗಂಟೆಗೆ ನಾವಿನ್ನೂ ಶಿಖರದ ಕೆಳಗಿದ್ದೆವು. ನಮ್ಮ ಮಾರ್ಗದರ್ಶಿ ಅಲ್ಲಿಯದೇ ಊರಿನ ಹುಡುಗ. ಪಶ್ಚಿಮಕ್ಕೆ ನೋಡಿ, “ಸಾಕು, ತಿರುಗೋಣ” ಎಂದ. ಸಂಸ್ಥೆಯ ಕಡೆಯಿಂದ ಬಂದಿದ್ದ ತಂಡದ ನಾಯಕ ಒಪ್ಪಲಿಲ್ಲ. ಎಲ್ಲರೂ ಬ್ಯಾನರ್ ಹಿಡಿದ ಫೋಟೊ ಆಗಬೇಕಂತೆ. ನಮ್ಮಲ್ಲೂ ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಎರಡೂಕಾಲಿಗೆ ತುದಿ ಮುಟ್ಟಿದೆವು. ಕಂಡದ್ದು ಮಂಜು. ಫೋಟೊದಲ್ಲಿ ಬ್ಯಾನರ್ ಮಾತ್ರ ಸ್ಪಷ್ಟವಾಗಿದೆ.

ಇಳಿಯಲು ಶುರುಮಾಡಿ ಅರ್ಧ ಗಂಟೆಯಾಗಿರಬೇಕು, ಬಲಗಾಲಿನ ಬೂಟು ‘ಚಪ್ ಚಪ್’ ಎನ್ನತೊಡಗಿತು. ಬಗ್ಗಿ ನೋಡಿದರೆ ಮುಂಭಾಗದ ಅಟ್ಟೆ ಮೊಸಳೆಯಂತೆ ಬಾಯಿ ತೆರೆದಿದೆ. ಹತ್ತು ಹೆಜ್ಜೆಯಲ್ಲಿ ಇಡೀ ಅಟ್ಟೆ ಕಳಚಿ ಕೆಸರಿನಲ್ಲಿ ಉಳಿಯಿತು. ಕೈಗೆತ್ತಿಕೊಂಡರೆ ಅಂಟಿದ್ದ ಬಿಳಿ ಪದರ ಹಳೆಯ ಬೆಲ್ಲದಂತೆ ಪುಡಿಪುಡಿಯಾಯಿತು. ಬೂಟು ಹಳೆಯದಲ್ಲ, ಎರಡೇ ಸಲ ಹಾಕಿದ್ದೆ. ನಾಲ್ಕು ವರ್ಷದಿಂದ ಕಪಾಟಿನಲ್ಲಿ ಭದ್ರವಾಗಿತ್ತು. ಅದೇ ತಪ್ಪಾದದ್ದು. ಇಂಥ ಬೂಟುಗಳ ಅಟ್ಟೆಯೊಳಗಿನ ಮೆತ್ತನೆಯ ಪದರ ಸಾಮಾನ್ಯವಾಗಿ ಪಾಲಿಯುರಿಥೇನ್. ಗಾಳಿಯ ತೇವ ಹೀರಿ ಅದು ವರ್ಷಗಳಲ್ಲಿ ತಾನೇ ಕೊಳೆಯುತ್ತದೆ, ಹಾಕದೆ ಇಟ್ಟರೂ ಬಿಡುವುದಿಲ್ಲ. ಮೇಲಿನ ಚರ್ಮ ಹೊಸದರಂತೆ ಮಿನುಗುತ್ತಿರುತ್ತದೆ. ಹೊರಡುವ ವಾರ ಮುಂಚೆ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಬಗ್ಗಿಸಿ, ಅಟ್ಟೆಯ ಅಂಚನ್ನು ಉಗುರಿನಿಂದ ಎಳೆಯಿರಿ, ಹಾಕಿಕೊಂಡು ಎರಡು ದಿನ ಮನೆ ಸುತ್ತ ನಡೆಯಿರಿ. ಚೀಲದಲ್ಲಿ ನಾಲ್ಕು ಮಾರು ಗಟ್ಟಿ ದಾರವಿರಲಿ. ನನ್ನ ಬಳಿ ಇದ್ದದ್ದು ಟವೆಲ್. ಅಕ್ಕನ ಮಗ ತನ್ನ ಎಡ ಬೂಟಿನ ಲಾಡಿ ಬಿಚ್ಚಿ ಅದನ್ನು ನನ್ನ ಕಾಲಿಗೆ ಬಿಗಿದ. “ಮಾವ, ಅಮ್ಮನಿಗೆ ಹೇಳಬೇಡಿ” ಎಂದ.

ಅಷ್ಟರಲ್ಲಿ ಮಳೆ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಎಣಿಸಿದೆ. ಮೂರು ಸೆಕೆಂಡೆಂದರೆ ಒಂದು ಕಿಲೋಮೀಟರ್. ಈ ದಾರಿಯಲ್ಲಿ ಎಲ್ಲರೂ ಹೆಸರಿಟ್ಟು ಕರೆಯುವ ‘ಒಂಟಿ ಮರ’ವೊಂದಿದೆ. ನಾವು ಅಲ್ಲಿಗೆ ಬರುವ ಹೊತ್ತಿಗೆ ಅದರ ಬುಡದಲ್ಲಿ ಒಂಬತ್ತು ಜನ ಕೊಡೆ ಬಿಡಿಸಿಕೊಂಡು ಒತ್ತಿ ನಿಂತಿದ್ದರು. ಬಯಲಿನಲ್ಲಿ ಒಂದೇ ಮರ, ಅದರ ಕೆಳಗೆ ಕಬ್ಬಿಣದ ಕಡ್ಡಿಗಳು! ಮಾರ್ಗದರ್ಶಿ ಬೈದು ಅಟ್ಟಿದ. ತಗ್ಗಿನಲ್ಲಿ, ದೂರ ದೂರ ಕುಕ್ಕರಗಾಲಿನಲ್ಲಿ ಕೂರಿಸಿದ. ಅಲ್ಲಿ ಇಂಬಳಗಳಿಗೆ ಹಬ್ಬ. ನನ್ನದು ಜೀನ್ಸ್, ನೆನೆದ ಹತ್ತಿಬಟ್ಟೆ ಮೈಗಂಟಿ, ಇಪ್ಪತ್ತು ನಿಮಿಷದಲ್ಲಿ ಹಲ್ಲು ಕಟಕಟಿಸತೊಡಗಿತು. ಮೊಬೈಲ್‌ನಲ್ಲಿ ನಕ್ಷೆ ಇಳಿಸಿಕೊಂಡಿದ್ದೆ, ಒದ್ದೆ ಪರದೆ ಬೆರಳಿಗೆ ಕೇಳಲಿಲ್ಲ.

ಬೆಳಗಿನ ಪಾದ ಮುಳುಗುವ ಹಳ್ಳ ಈಗ ತೊಡೆಮಟ್ಟ, ಕೆಂಪಗೆ, ಒಳಗೆ ಕಲ್ಲು ಉರುಳುವ ಸದ್ದು. ಇಬ್ಬರು ದಾಟಲು ಹೊರಟರು, ಮಾರ್ಗದರ್ಶಿ ಅಂಗಿ ಹಿಡಿದೆಳೆದ. “ಏರಿದಷ್ಟೇ ಬೇಗ ಇಳಿಯುತ್ತದೆ, ಕೂತುಕೊಳ್ಳಿ” ಎಂದು ದಂಡೆಯ ಕಲ್ಲೊಂದಕ್ಕೆ ಬೆರಳು ತೋರಿಸಿದ. ಆ ಕಲ್ಲಿನ ನೆತ್ತಿ ಹೊರಗೆ ಕಾಣಲು ಮುಕ್ಕಾಲು ಗಂಟೆ ಹಿಡಿಯಿತು. ತಂಡದ ನಾಯಕ ಆ ಹೊತ್ತಿಗಾಗಲೇ ಮುಂದಿನ ಹದಿಮೂರು ಜನರೊಂದಿಗೆ ಹಳ್ಳ ದಾಟಿ ಕೆಳಗೆ ಹೋಗಿಬಿಟ್ಟಿದ್ದ. ಇತ್ತ ಒಂಬತ್ತು ಮಂದಿಗೆ ಉಳಿದದ್ದು ಮಾರ್ಗದರ್ಶಿ ಮತ್ತು ಎರಡು ಟಾರ್ಚು. ಮುಳ್ಳೋಡಿಯ ದೀಪ ಕಂಡಾಗ ಏಳೂವರೆ ದಾಟಿತ್ತು.

ಮರುದಿನ ಸಂಸ್ಥೆಗೆ ಫೋನ್ ಮಾಡಿದೆ. “ಸರ್, ಮಳೆ ನಮ್ಮ ಕೈಯಲ್ಲಿಲ್ಲವಲ್ಲ” ಎಂದರು. ಬಸ್ಸು ಹೊರಡುವ ಹೊತ್ತು, ಅನುಮತಿ ಪತ್ರದ ಹೆಸರು, ಇಪ್ಪತ್ತೆರಡು ಜನಕ್ಕೆ ಎಷ್ಟು ಮಾರ್ಗದರ್ಶಿಗಳು ಎಂಬುದು ಯಾರ ಕೈಯಲ್ಲಿತ್ತು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟರು. ಇಂಬಳ ಕಚ್ಚಿದ ಜಾಗಗಳಿಂದ ರಕ್ತ ಇನ್ನೂ ಜಿನುಗುತ್ತಿತ್ತು. ಕಳಸದ ಅಂಗಡಿಯಲ್ಲಿ ಕೊಂಡ ಹವಾಯಿ ಚಪ್ಪಲಿಯಲ್ಲೇ ಬೆಂಗಳೂರಿಗೆ ಬಂದೆ. ಅಕ್ಕನಿಗೆ ವಿಷಯ ಇನ್ನೂ ಹೇಳಿಲ್ಲ.